ಕಿವಿಯ ಹತ್ತಿರ ಹಿಡಿದ ಕಾಯಿ

ತಿಪಟೂರಿನ ಸಿನಿಮಾ ಬಳಗದವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಹೆಸರಾಂತ ನಿರ್ದೇಶಕರಿಗೆ ಸನ್ಮಾನ. ಅದಕ್ಕೆ ಮೊದಲು ಅವರ ಆರಂಭದ ಮೂರು ಥ್ರಿಲ್ಲರ್‌ಗಳ ಗುಣದೋಷಗಳ ಬಗ್ಗೆ ನಾನು ಮಾತಾಡಬೇಕು. ಹೈಸ್ಕೂಲಿನಲ್ಲಿ ಪಾಠ ಮಾಡಿಕೊಂಡು ಸುಮ್ಮನಿರದೆ ಪತ್ರಿಕೆಗಳಿಗೆ ಸಿನಿಮಾ ವಿಮರ್ಶೆ ಬರೆದ ತಪ್ಪಿಗೆ ಈ ಶಿಕ್ಷೆ. ಕರೆಯಲು ಬಂದ ಬಳಗದ ಕಾರ್ಯದರ್ಶಿ ಕಾಫಿ ಕುಡಿದು ಏಳುವಾಗ ಹೇಳಿದರು: "ದೋಷ ಸ್ವಲ್ಪ ಕಮ್ಮಿ ಮಾಡ್ಕಳಿ ಕಣ್ರೀ ಮೇಡಂ. ಮನುಷ್ಯ ಎದುರಿಗೇ ಕುಂತಿರ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಎದುರಿಗೆ ಕೂರುವ ಮನುಷ್ಯನ ಚಿಂತೆ, ನನಗೆ ನಮ್ಮ ಸೋದರತ್ತೆಯದು.

ಮೊದಲ ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಲೆ ಆದಾಗಲೆಲ್ಲ ಮಳೆ ಹುಯ್ಯುತ್ತದೆ. ನಮ್ಮ ಸೀಮೆಯಲ್ಲಿ ಅಷ್ಟು ಮಳೆ ಬಂದಿದ್ದರೆ ಕೊಲೆಗಾರನಿಗೂ ಕೈಮುಗಿಯುತ್ತಿದ್ದೆವು. ಕೊನೆಯಲ್ಲಿ ಅವನು ಯಾರೂ ಕೇಳದಿದ್ದರೂ ನಿಂತು, ಬಾಯಿಪಾಠ ಮಾಡಿದವನಂತೆ ಎಲ್ಲವನ್ನೂ ಒಪ್ಪಿಸುತ್ತಾನೆ. ಎರಡನೆಯದರಲ್ಲಿ ಕೈ ಪಳಗಿದೆ. ಬಸ್ಸಿನೊಳಗೆ ನಡೆಯುವ ಭಾಗದಲ್ಲಿ ಯಾರ ಚೀಲದಲ್ಲಿ ಏನಿದೆಯೋ ಎಂದು ಉಸಿರು ಬಿಗಿಹಿಡಿದು ಕೂತಿದ್ದೆ. ಆದರೆ ಪೊಲೀಸರು ಅಷ್ಟೊಂದು ದಡ್ಡರಾಗದಿದ್ದರೆ ಕಥೆ ಮಧ್ಯಂತರಕ್ಕೇ ಮುಗಿಯುತ್ತಿತ್ತು.

ಹೆಸರು ತಂದದ್ದು ಮೂರನೆಯದು. ಇಲ್ಲಿಂದ ಮುಂದೆ ಈ ನಿರ್ದೇಶಕನಿಗೆ ಬಹುವಚನ ಕೊಡಲು ನನ್ನ ಬಾಯಿ ಒಪ್ಪುವುದಿಲ್ಲ.

ತಿಪಟೂರಿನಲ್ಲಿ ಕಾಲೇಜು ಓದುವಾಗ ಮೂರು ವರ್ಷ ಅವನಿದ್ದದ್ದು ಹಾಲ್ಕುರಿಕೆಯ ನಮ್ಮ ಸೋದರತ್ತೆಯ ಮನೆಯ ಮುಂದಿನ ಕೋಣೆಯಲ್ಲಿ. ಮಾವ ಕಾಯಿಲೆಯಿಂದ ಹೋದ ಮೇಲೆ ಅತ್ತೆ ತೋಟ, ಕೊಬ್ಬರಿ ಎರಡನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಬಸ್ಸಿಗೆ ಓಡುವವನನ್ನು ತಡೆದು ರೊಟ್ಟಿ ತಿನ್ನಿಸಿ ಕಳಿಸುವಳು. ರಾತ್ರಿ ಮುದ್ದೆ, ಸೊಪ್ಪಿನ ಸಾರು, ಮೇಲೆ ತುಪ್ಪ. ಇನ್ನೊಂದು ಮುದ್ದೆ ಬೇಡವೆಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ರಜೆಗೆ ಹೋದಾಗ ನಾನೇ ಕಂಡಿದ್ದೇನೆ.

ಅಟ್ಟದಲ್ಲಿ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಒಣಗುತ್ತವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ತಿಳಿಯಲು ಅತ್ತೆ ಏಣಿ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಲೊಡಲೊಡ ಎಂದರೆ ಆಯಿತು. ನಮ್ಮ ಕಡೆ ಕೊಬ್ಬರಿ ಮಾಡುವ ಎಲ್ಲರೂ ಮಾಡುವುದು ಹೀಗೇ.

ಅವನ ಮೂರನೆಯ ಚಿತ್ರದಲ್ಲಿ ಕೊಲೆ ಮಾಡುವವಳು ಒಬ್ಬ ವಿಧವೆ. ಮನೆಯಲ್ಲಿ ಬಾಡಿಗೆಗಿದ್ದವರಿಗೆ ಅಕ್ಕರೆಯಿಂದ ಬಡಿಸುತ್ತಾಳೆ, ಸಾರಿನಲ್ಲಿ ವಿಷ. ಬಡಿಸುವ ಮುನ್ನ ಅಟ್ಟ ಹತ್ತಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಸಂಗೀತವಿಲ್ಲ, ಆ ಸದ್ದೊಂದೇ. ಹುಟ್ಟಿದಾಗಿನಿಂದ ಕೇಳಿದ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಅಷ್ಟು ಚೆನ್ನಾಗಿ ತೆಗೆದಿದ್ದಾನೆ, ನನ್ನ ಹೊಟ್ಟೆಯುರಿಯೂ ಅದೇ. ಕೆಟ್ಟದಾಗಿ ತೆಗೆದಿದ್ದರೆ ಜನ ಮರೆತುಬಿಡುತ್ತಿದ್ದರು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಇವನು ಎಣಿಸಿದ್ದಲ್ಲದೆ ಟಿಕೆಟ್ಟಿಟ್ಟು ತೋರಿಸಿದ.

ಆಮೇಲೆ ಅತ್ತೆ ಬಸ್ಸಿಗೆ ನಿಂತರೆ ಪಡ್ಡೆ ಹುಡುಗರು ಕಿವಿಯ ಹತ್ತಿರ ಮುಷ್ಟಿ ಅಲ್ಲಾಡಿಸಿ ನಗಲು ಶುರುಮಾಡಿದರು. ಮದುವೆ ಮನೆಯಲ್ಲಿ ಅವಳು ಪಾಯಸದ ಸೌಟು ಹಿಡಿದರೆ "ನಮ್ಗೆ ಬ್ಯಾಡ ಬುಡಮ್ಮ" ಎಂದು ಎಲೆಗೆ ಕೈ ಅಡ್ಡ ಹಿಡಿದು ಹಲ್ಲು ಕಿಸಿಯುತ್ತಿದ್ದರು. ತಮಾಷೆಯಂತೆ. ಅವಳೂ ಅರ್ಥವಾಗದೆ ಜೊತೆಗೆ ನಗುತ್ತಿದ್ದಳು. ಏನೆಂದು ಹೇಳಲು ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಸನ್ಮಾನದ ಸುದ್ದಿ ತಿಳಿದು ಕಳೆದ ಭಾನುವಾರ ಅವಳೇ ನಮ್ಮ ಮನೆಗೆ ಬಂದಳು. ಸಂಭ್ರಮವೋ ಸಂಭ್ರಮ. "ನಮ್ಮನೇಲಿ ಉಂಡೋನು ಕಣೇ. ಎಲ್ರೂ ನೋಡವ್ರೆ, ನಾನೊಬ್ಳೇ ನೋಡಿಲ್ಲ. ಹಾಕು ಅವ್ನ ಸಿನಿಮಾನ."

ಬಸ್ಸಿನ ಸಿನಿಮಾ ಹಾಕುತ್ತೇನೆಂದೆ.

"ಅಟ್ಟ ತೋರ್ಸವ್ನಂತಲ್ಲ, ಅದ್ನ ಹಾಕು."

ಎಷ್ಟು ಹೇಳಿದರೂ ಕೇಳಲಿಲ್ಲ, ಹಾಕಿದೆ. ಅಟ್ಟ ಕಂಡಾಗ "ನಮ್ದೇ ತರ ಐತೆ" ಎಂದು ನಕ್ಕಳು. ಮೊದಲ ಸಾವಿನವರೆಗೂ ಮಾತಾಡುತ್ತಲೇ ಇದ್ದಳು. ಎರಡನೆಯ ಸಲ ಕಾಯಿ ಸದ್ದು ಮಾಡಿದಾಗ ಮಡಿಲ ಮೇಲಿದ್ದ ಅವಳ ಕೈ ಸೆರಗಿನೊಳಗೆ ಹೋಯಿತು. ಆದರೂ ಎದ್ದು ಹೋಗದೆ ಕೊನೆಯವರೆಗೂ ನೋಡಿದಳು.

ಟೀವಿ ಆರಿಸಿ ನಾನು ಕೂಗಾಡಿದೆ. ನಿನ್ನ ಮಾನ ಮಾರಿಕೊಂಡು ದೊಡ್ಡವನಾದ, ವೇದಿಕೆಯ ಮೇಲೇ ಅವನ ನೀರಿಳಿಸುತ್ತೇನೆ, ಗುಣವೂ ಬೇಡ ಮಣ್ಣೂ ಬೇಡ ಎಂದೆ. ಅತ್ತೆ ಅದೊಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆರಿದ ಟೀವಿಯನ್ನೇ ನೋಡುತ್ತಾ ಕೇಳಿದಳು:

"ಮೂರು ವರ್ಷ ಉಂಡ್ನಲ್ಲೇ. ಅಷ್ಟು ದಿನಾನೂ ಹೆದ್ರುಕೊಂಡೇ ಉಂಡ್ನಾ?"