ಆಯೋಗದ ಸದಸ್ಯರಿಗೆ ಬಂದ ಲೇಹ್ಯದ ಡಬ್ಬ

ಬಂಟ್ವಾಳ ಪೇಟೆಯಲ್ಲಿ ಯಾಕೂಬಾಕನ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಮಸ್ಕತ್ತಿನಲ್ಲಿ ಇಪ್ಪತ್ತೇಳು ವರ್ಷ ಒಮಾನಿಗಳ ಉದ್ದನೆಯ ಬಿಳಿ ನಿಲುವಂಗಿ ಹೊಲಿದು ಬಂದು, ಈಗ ಊರಿನಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ದರ್ಜಿ. ಆದರೆ ಜನ ಅವರನ್ನು ನೆನಪಿಟ್ಟುಕೊಂಡದ್ದು ಹೊಲಿಗೆಗಲ್ಲ, ಲಗೇಜಿಗೆ. ರಜೆ ಮುಗಿಸಿ ಹೊರಡುವಾಗ ವಿಮಾನದವರು ಬಿಡುವ ಮೂವತ್ತು ಕಿಲೋದಲ್ಲಿ ಅವರದ್ದೆಂದು ನಾಲ್ಕು ಕಿಲೋ ಇದ್ದರೆ ಹೆಚ್ಚು. ಉಳಿದದ್ದೆಲ್ಲ ಮಡಂತ್ಯಾರಿನ ಯಾರದೋ ಹಪ್ಪಳ, ಮೂಡುಬಿದಿರೆಯ ಯಾರದೋ ಉಪ್ಪಿನಕಾಯಿ. ಒಮ್ಮೆ ಪರರ ಒಣಮೀನಿಗೆ ಜಾಗ ಸಾಲದೆ, ತಮ್ಮ ಎರಡು ಪ್ಯಾಂಟನ್ನು ಒಂದರ ಮೇಲೊಂದು ತೊಟ್ಟು ವಿಮಾನ ಹತ್ತಿದ ಪುಣ್ಯಾತ್ಮ! ಇಲ್ಲ ಎನ್ನುವ ಮಾತು ಆ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಹೀಗಿರುವಾಗ ಸರ್ಕಾರ ಭಾರತ–ಒಮಾನ್ ಸಂಬಂಧದ ಬಗ್ಗೆ ಒಂದು ಸಲಹಾ ಆಯೋಗ ರಚಿಸಲು ಹೊರಟಿತು. ನಿವೃತ್ತ ರಾಯಭಾರಿಗಳು, ಪ್ರೊಫೆಸರರು, ದೊಡ್ಡ ವ್ಯಾಪಾರಿಗಳ ನಡುವೆ, ಅಲ್ಲಿ ದುಡಿದು ಬಂದ ಒಬ್ಬ ಸಾಮಾನ್ಯನೂ ಇರಲಿ ಎಂದು ಯಾರಿಗೋ ಒಳ್ಳೆಯ ಬುದ್ಧಿ ಬಂತು. ಸೊಸೆ ರಿಫಾ ಮೊಬೈಲಿನಲ್ಲಿ ಅರ್ಜಿ ತುಂಬಿದಳು. ಅನುಭವ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದಾಗ, ಆ ದೇಶದ ಎರಡು ಸಾವಿರ ಜನರ ಕುತ್ತಿಗೆಯ ಅಳತೆ ಗೊತ್ತುಂಟು ಅಂತ ಬರಿ ಎಂದರು ಮಾವ. ತಮಾಷೆಯ ಮಾತನ್ನು ಹುಡುಗಿ ಹಾಗೆಯೇ ಬರೆದು ಕಳಿಸಿಬಿಟ್ಟಳು. ಮೂರು ತಿಂಗಳಿಗೆ ನೇಮಕದ ಪತ್ರ ಬಂತು.

ಅಬ್ಬಾ, ಆ ದಿನದ ಗಮ್ಮತ್ತೇ! ‘ಮಾನ್ಯ ಸದಸ್ಯರು’ ಎಂಬ ಎರಡು ಶಬ್ದವನ್ನು ಯಾಕೂಬಾಕ ಎಷ್ಟು ಸಲ ಓದಿದರೋ. ಪರದೇಶದಲ್ಲಿ ಇಪ್ಪತ್ತೇಳು ವರ್ಷ ‘ಏ ಟೈಲರ್’ ಎಂದು ಕರೆಸಿಕೊಂಡವನಿಗೆ ಆ ಕುರ್ಚಿಯ ಮೇಲೆ ಆಸೆ ಬಾರದಿರುತ್ತದೆಯೇ? ಬಂತು, ಬೆಟ್ಟದಷ್ಟು ಬಂತು. ಜೊತೆಗಿದ್ದ ಒಪ್ಪಿಗೆಯ ಕಾಗದಕ್ಕೆ ಓದದೆಯೇ ಸಹಿ ಹಾಕಿದರು. ಗಲ್ಫಿನಲ್ಲಿ ದುಡಿದವರ ಚಟ ಅದು. ಅರಬಿ ಕಾಗದದಲ್ಲಿ ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿ ಹಾಕಿ, ಓದಿ ಹಾಕುವುದೂ ಉಂಟು ಎನ್ನುವುದೇ ಮರೆತುಹೋಗಿರುತ್ತದೆ.

ಕಾಗದ ಅಂಚೆಗೆ ಹೋದ ಮೇಲೆ ರಿಫಾ ಅದರ ನಕಲು ಓದಿದಳು. ಹನ್ನೊಂದನೆಯ ಷರತ್ತಿನ ಪ್ರಕಾರ ಸದಸ್ಯರು ಎರಡೂ ದೇಶಗಳ ನಡುವೆ ಖಾಸಗಿಯವರ ಯಾವ ವಸ್ತುವನ್ನೂ ಸಾಗಿಸುವಂತಿಲ್ಲ. ಯಾಕೂಬಾಕ ಅದನ್ನು ಮತ್ತೊಮ್ಮೆ ಓದಿಸಿದರು.

ಆಯೋಗದ ಮೊದಲ ಪ್ರವಾಸವೇ ಮಸ್ಕತ್ತಿಗೆ ಎಂಬ ಸುದ್ದಿ ಮೂರು ತಾಲೂಕಿಗೂ ಹಬ್ಬಿತ್ತು. ಒಂದೇ ವಾರದಲ್ಲಿ ಏಳು ಜನ ಪೊಟ್ಟಣ ಹಿಡಿದು ಬಂದರು. ಏಳು ಜನರಿಗೂ ಇಲ್ಲ ಎಂದರು. ಮೊದಲನೆಯವರಿಗೆ ಹೇಳುವಾಗ ಬೆವರಿದರು, ಏಳನೆಯವರು ಬಂದಾಗ ಹಿತ್ತಿಲಿಗೆ ಓಡಿಹೋಗಿ ಹೆಂಡತಿ ಜುಲೈಕಾಳ ಬಾಯಿಂದ ಹೇಳಿಸಿದರು.

ಎಂಟನೆಯವರು ಚಾರ್ಮಾಡಿಯ ಚಿನ್ನಯ್ಯ. ಅವರ ಮಗ ಶೋಧನ್ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾನೆ, ಸೊಸೆ ವಿಜೇತಾ ಅಲ್ಲಿಯೇ ಹೆತ್ತು ನಾಲ್ಕು ದಿನ. ಚಿನ್ನಯ್ಯನ ಹೆಂಡತಿ ಶಶಿಪ್ರಭಾಗೆ ಗಂಟುನೋವು, ಹೋಗುವ ಹಾಗಿಲ್ಲ. ಎರಡು ದಿನ ಒಲೆಯ ಮುಂದೆ ಕೂತು ಬಾಳಂತಿ ಲೇಹ್ಯ ಕಾಸಿ ಸ್ಟೀಲ್ ಡಬ್ಬದಲ್ಲಿ ತುಂಬಿ ಕೊಟ್ಟಿದ್ದರು. ಬಾಳಂತಿಗೆ ಅದು ಈಗ ಸಿಗಬೇಕು, ತಿಂಗಳು ಕಳೆದು ಸಿಕ್ಕಿ ಏನು ಫಲ?

ಷರತ್ತಿನ ಸಂಗತಿ ಚಿನ್ನಯ್ಯನ ಕಿವಿಗೆ ಪೇಟೆಯಲ್ಲೇ ಬಿದ್ದಿತ್ತು. “ನಿಮ್ಮ ಕಷ್ಟ ಗೊತ್ತಾಯ್ತು ಯಾಕೂಬಾಕ. ನೀವು ಬೇಜಾರು ಮಾಡುವುದು ಬೇಡ, ನಾನು ವಾಪಸ್ ತಕೊಂಡು ಹೋಗ್ತೇನೆ” ಎಂದು ಚಾ ಕುಡಿದು, ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಊರಿನ ಬಸ್ಸು ಹಿಡಿಯಲು ಬಿ.ಸಿ. ರೋಡಿಗೆ ಹೊರಟರು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು.

“ಮಾನ್ಯ ಸದಸ್ಯರೇ, ಊಟಕ್ಕೆ ಬನ್ನಿ” ಎಂದಳು ಜುಲೈಕಾ ಒಳಗಿನಿಂದ.

ಯಾಕೂಬಾಕ ಎರಡು ತುತ್ತಿಗೇ ತಟ್ಟೆ ಸರಿಸಿದರು. ಎದ್ದು ಕೈ ತೊಳೆದು ಆಯೋಗದ ಕಾರ್ಯದರ್ಶಿಗೆ ಫೋನ್ ಮಾಡಿ, ಒಂದೇ ಒಂದು ಡಬ್ಬ ಎಂದು ಅಂಗಲಾಚಿದರು. ಆತ ಕೆಟ್ಟವನಲ್ಲ. ಸ್ವಂತ ಉಪಯೋಗದ ಔಷಧಿ ಎಂದು ಬರೆದುಕೊಟ್ಟರೆ ನೋಡೋಣ ಎಂದ.

“ಬಾಳಂತಿ ಲೇಹ್ಯ ನನ್ನ ಉಪಯೋಗಕ್ಕೆ ಅಂತ ಹೇಗೆ ಬರೆಯುವುದು ಸರ್?” ಎಂದರು ಯಾಕೂಬಾಕ. “ನನಗೆ ಅರವತ್ತೆರಡು ವರ್ಷ.”

ಅವರೇ ಹೇಳಿ ಬರೆಸಿದ ಎರಡು ಸಾಲಿನ ರಾಜೀನಾಮೆಯನ್ನು ರಿಫಾ ಅಳುತ್ತಳುತ್ತಲೇ ಕಳಿಸಿದಳು. ಯಾಕೂಬಾಕ ರಿಕ್ಷಾ ಹಿಡಿದು ಬಿ.ಸಿ. ರೋಡಿಗೆ ಧಾವಿಸಿದರು. ಚಿನ್ನಯ್ಯ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗಿತ್ತು.

“ಇಳಿಯಿರಿ ಮಾರಾಯ್ರೆ. ಡಬ್ಬ ಕೊಡಿ, ನಾನು ಈಗ ಸದಸ್ಯ ಅಲ್ಲ.”

ಚಿನ್ನಯ್ಯ ಮೆಟ್ಟಿಲಿಳಿದು ಡಬ್ಬ ಕೊಟ್ಟರು. ಕಂಡಕ್ಟರ್ ಸೀಟಿ ಊದಿದ್ದೂ ಕೇಳಿಸದೆ ಬಸ್ಸು ತಪ್ಪಿಸಿಕೊಂಡರು.

ಯಾಕೂಬಾಕ ಕೈಯಿಂದಲೇ ದುಡ್ಡು ಹಾಕಿ ಟಿಕೆಟ್ ತೆಗೆದರು. ಷರತ್ತು ಹೋಯಿತೆಂದು ಗೊತ್ತಾದದ್ದೇ ತಡ, ಹಿಂದೆ ಹೋದ ಏಳು ಪೊಟ್ಟಣಗಳೂ ಮೆರವಣಿಗೆಯಲ್ಲಿ ಮರಳಿದವು. ತೂಕ ಸರಿಯಾಗಿ ಮೂವತ್ತು ಕಿಲೋ.

ಮಸ್ಕತ್ತಿನಲ್ಲಿ ಆಯೋಗದವರು ಸಮುದ್ರದ ಬದಿಯ ದೊಡ್ಡ ಹೋಟೆಲಿನಲ್ಲಿ ಇಳಿದಿದ್ದರು. ಯಾಕೂಬಾಕ ಚೀಲ ಹಿಡಿದು ಅದರ ಮುಂದಿನಿಂದಲೇ ಹಾದುಹೋದರು. ಹೊಟ್ಟೆ ಉರಿಯಲಿಲ್ಲವೇ? ಉರಿಯಿತು, ಸುಳ್ಳೇಕೆ ಹೇಳಬೇಕು.

ವಿಜೇತಾ ಡಬ್ಬದ ಮುಚ್ಚಳ ತೆಗೆದು, ಒಂದು ಚಮಚ ಬಾಯಿಗಿಟ್ಟು, ಅತ್ತೆಯನ್ನು ನೆನೆದು ಗಳಗಳನೆ ಅತ್ತಳು. ಮಗು ನೋಡಲು ಬಂದಿದ್ದ ಪಕ್ಕದ ಮನೆಯ ಒಮಾನಿ ಹೆಂಗಸು ಹಫ್ಸ ಗಾಬರಿಯಾಗಿ, ಇದೇನು ಎಂದು ಬೆರಳಲ್ಲಿ ತೆಗೆದು ತಾನೂ ನೆಕ್ಕಿದಳು. ಮತ್ತೊಮ್ಮೆ ನೆಕ್ಕಿದಳು. ತನ್ನ ಮಗಳಿಗೂ ಬರುವ ತಿಂಗಳು ಹೆರಿಗೆ, ಇಂಥದ್ದೊಂದು ಡಬ್ಬ ಸಿಗಬಹುದೇ ಎಂದು ಕೇಳಿದಳು. ಯಾಕೂಬಾಕ ಅಲ್ಲಿಂದಲೇ ಚಾರ್ಮಾಡಿಗೆ ಫೋನ್ ಹಚ್ಚಿದರು.

ಆ ಕಡೆ ಫೋನ್ ಎತ್ತಿದ್ದು ಶಶಿಪ್ರಭಾ. ಸಂಗತಿ ತಿಳಿದದ್ದೇ ಅವರು ಕೇಳಿದರು: “ಆ ಹುಡುಗಿಗೆ ನಮ್ಮ ಖಾರ ಆಗ್ತದಾ ಯಾಕೂಬಾಕ? ಕಾಳುಮೆಣಸು ಸ್ವಲ್ಪ ಕಡಿಮೆ ಹಾಕ್ಲಾ?”

ಯಾಕೂಬಾಕ ಅದನ್ನು ಅರಬಿಯಲ್ಲಿ ಹಫ್ಸಳಿಗೆ ಕೇಳಿದರು. ಹಫ್ಸ ತನ್ನ ಮಗಳಿಗೆ ಫೋನ್ ಮಾಡಿ ಕೇಳಿದಳು. ಉತ್ತರ ಅದೇ ದಾರಿಯಲ್ಲಿ ತಿರುಗಿ ಬಂತು.

“ಮೆಣಸು ಇರಲಿ ಅಂತೆ ಅಕ್ಕ” ಎಂದರು ಯಾಕೂಬಾಕ. “ಬೆಲ್ಲ ಮಾತ್ರ ಒಂದು ಹಿಡಿ ಜಾಸ್ತಿ ಹಾಕಬೇಕಂತೆ.”