ನಾಯಿಮರಿಯ ಪೆಟ್ಟಿಗೆ, ಆಯಿಯ ಪದ್ಧತಿ

೧೯೯೧, ಜೂನ್ ೯, ರವಿವಾರ, ಬೆಳಿಗ್ಗೆ ಏಳೂವರೆ. ಉಗಾರದ ಸೋದರಮಾವ ಸೈಕಲ್ ಹ್ಯಾಂಡಲ್ಲಿಗೆ ಚೀಲ ತೂಗುಹಾಕಿಕೊಂಡು ಐನಾಪುರದ ನಮ್ಮ ಮನೆಗೆ ಬಂದ. ಚೀಲದಿಂದ ಕಂದು ಮೂತಿಯೊಂದು ಹೊರಬಂತು. ಒಂಬತ್ತು ಗಂಟೆಯೊಳಗೆ ಆ ಮರಿ ಪಡಸಾಲೆಯಲ್ಲಿ ಮೂರು ಸಲ ಉಚ್ಚೆ ಹೊಯ್ದಿತ್ತು. ನನ್ನ ಡೈರಿಯಲ್ಲಿ ಮೂರು ಗೀಟು.

ನಾಲ್ಕನೆಯದನ್ನು ಅಪ್ಪನ ತಾಯಿ, ನಮ್ಮ ಆಯಿ, ತುಳಿದಳು. "ಎಂಟ ದಿನ ನೋಡ್ತೀನಿ. ಆಮ್ಯಾಲೂ ಮನ್ಯಾಗ ಹೊಲಸ ಮಾಡಿದ್ರ ವಾಪಸ್ ಉಗಾರಕ್ಕ!"

ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡುವುದಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿ, ಎದ್ದ ಕೂಡಲೇ ಅಂಗಳಕ್ಕೆ ಒಯ್ಯಿ ಎಂದು ಮಾವ ಹೇಳಿ ಹೋಗಿದ್ದ. ಅಪ್ಪ ದ್ರಾಕ್ಷಿ ಪೆಟ್ಟಿಗೆ ತರುತ್ತಾನೆ ಅಂದುಕೊಂಡರೆ, ಯಾವುದೋ ಯಂತ್ರ ಬಂದಿದ್ದ ಕಟ್ಟಿಗೆಯ ದೊಡ್ಡ ಪೆಟ್ಟಿಗೆ ಹೊರಿಸಿಕೊಂಡು ಬಂದ.

"ಇದರಾಗ ಎಮ್ಮಿ ಕರಾ ಕಟ್ತೀಯೇನೋ?" ಎಂದು ಆಯಿ ನಕ್ಕಳು.

"ಬೆಳ್ಯೂ ಕೂಸ ಐತಿ ಬೇ. ಸಾಲಿ ಅಂಗಿ ಹೊಲಿಸೂ ಮುಂದ ನೀನ ಹೇಳ್ತಿದ್ದಿ, ಒಂದ ಬೊಟ್ಟ ದೊಡ್ಡದಿರಲಿ ಅಂತ," ಎಂದ ಅಪ್ಪ.

"ಬೊಟ್ಟ ಅಂದಿದ್ನಿ, ಮಾರ ಅಂದಿದ್ದಿಲ್ಲ!"

ಮರಿ ಬಲಮೂಲೆಯಲ್ಲಿ ಮಲಗಿತು, ಎಡಮೂಲೆಯಲ್ಲಿ ಹೊಯ್ದಿತು. ಅದು ನಿಂತು, ತಿರುಗಿ, ಮೈಚಾಚುವಷ್ಟೇ ಜಾಗ ಬಿಟ್ಟು ನಾನು ನಡುವೆ ಹಲಗೆ ಬಡಿದೆ, ಬಾಗಿಲಿಗೆ ಬಿದಿರಿನ ತಟ್ಟಿ ಇಟ್ಟೆ. ಹಗಲೆಲ್ಲ ಒಣಗಿರುತ್ತಿತ್ತು. ಬೆಳಗಾದರೆ ಮತ್ತೆ ಒದ್ದೆ.

ಕಾರಣ ಆಯಿಗೆ ಸಿಕ್ಕಿತು. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯುತ್ತದೆ. ಆದರೆ ಮರಿ ಕುಂಯ್‌ಗುಟ್ಟಿತೆಂದು ಅಪ್ಪ ಮಲಗುವ ಮುಂಚೆ ಅದಕ್ಕೊಂದು ಬಟ್ಟಲು ಹಾಲು ಹಾಕುತ್ತಿದ್ದ.

"ಹೊತ್ತ ಮುಳುಗಿದ ಮ್ಯಾಲ ನೀ ಉಣ್ಣಾಂಗಿಲ್ಲ, ನಾ ಉಣ್ಣಾಂಗಿಲ್ಲ. ಇದಕ್ಯಾಕ? ಈ ಮನ್ಯಾಗ ಇರೂದಾದ್ರ ಮನಿ ಪದ್ಧತಿಲೇ ಇರಲಿ," ಎಂದಳು ಆಯಿ.

ಅಂದಿನಿಂದ ಅದರ ಊಟವೂ ನಮ್ಮ ಜೊತೆಗೇ ಮುಗಿಯತೊಡಗಿತು. ಮಲಗುವ ಮುಂಚೆ ಅಂಗಳದಲ್ಲೊಂದು ಸುತ್ತು. ಆರನೆಯ ಬೆಳಗು ಪೆಟ್ಟಿಗೆ ಒಣ. ಏಳನೆಯದೂ ಒಣ. ಎಂಟನೆಯ ಬೆಳಗು ನಾನು ಏಳುವಷ್ಟರಲ್ಲಿ ತಟ್ಟಿ ಸರಿದಿತ್ತು, ಪೆಟ್ಟಿಗೆ ಖಾಲಿ. ಹೊರಗೆ ಓಡಿದರೆ ಬೇವಿನ ಬುಡದಲ್ಲಿ ಮರಿ ಕುಕ್ಕರಿಸಿತ್ತು, ಪಕ್ಕದಲ್ಲಿ ಆಯಿ ನೆರಿಗೆ ಎತ್ತಿ ಹಿಡಿದು ನಿಂತಿದ್ದಳು.

"ಆತೇನ? ಭೇಷ್! ನಡಿ ಒಳಗ, ನಿನಗ ಹಾಲ ಕಾಸೇನಿ."

ಉಗಾರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಈಗ ಮಳೆ ಹಿಡಿದಿದೆ. ಮರಿ ಹೊಸ್ತಿಲತನಕ ಬಂದು, ಹನಿ ಕಂಡೊಡನೆ ಪೆಟ್ಟಿಗೆಗೆ ತಿರುಗುತ್ತದೆ. ಆಯಿ ಕೊಡೆ ಬಿಚ್ಚಿಕೊಂಡು ಕರೆಯುತ್ತ ನಿಲ್ಲುತ್ತಾಳೆ. ಮಳೆಯಲ್ಲಿ ಹೊರಗೆ ಹೋಗುವ ರೂಢಿ ಮಾಡಿಸುವುದು ಹೇಗೆಂದು ಓದುಗರಲ್ಲಿ ಬಲ್ಲವರು ಒಂದು ಅಂಚೆ ಕಾರ್ಡು ಬರೆಯಿರಿ. ಆಯಿಗೆ ಓದಿ ಹೇಳುತ್ತೇನೆ.