ಪೊರ್ಬುಗಳ ಜೊತೆ ಹೋದ ಕೊನೆಯ ಶುಕ್ರವಾರ

ನಿನ್ನೆ ಕುವೈತಿನ ಖೈತಾನ್ ಬಡಾವಣೆಯ ಅಂಗಡಿಯಲ್ಲಿ ಹೆಂಡತಿ ಒಣನಿಂಬೆಯ ಪೊಟ್ಟಣವೊಂದನ್ನು ನನ್ನ ಮೂಗಿಗೆ ಹಿಡಿದಳು. ಇಲ್ಲಿಯವರು ಅಡುಗೆಗೆ ಹಾಕುವ, ಒಣಗಿ ಕಪ್ಪಾದ ನಿಂಬೆ. ಹುಳಿ, ಜೊತೆಗೆ ಸ್ವಲ್ಪ ಹೊಗೆ... ಮುಖ ಆಚೆ ತಿರುಗಿಸಿದೆ. "ಎಂತ ಆಯ್ತು?" ಎಂದಳು. ಏನಿಲ್ಲ ಎಂದೆ. ಮದುವೆಗೆ ಮುಂಚಿನ ಆ ಸಂಗತಿ ಅವಳಿಗೆ ಇಂದಿಗೂ ಹೇಳಿಲ್ಲ.

ನಮ್ಮ ಮಂಗಳೂರು ಕಡೆ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳು ಎನ್ನುತ್ತೇವೆ. ಇಲ್ಲಿ ನನ್ನ ಎದುರುಮನೆಯಲ್ಲಿದ್ದ ಪೊರ್ಬುಗಳು ಗುಮಾಸ್ತರಾಗಿ ಮೂವತ್ತು ವರ್ಷ ಕುವೈತಿನಲ್ಲೇ ಸವೆಸಿದವರು. ಶುಕ್ರವಾರ ಉಳಿದವರು ಮಾಲ್‌ಗೆ ಹೋದರೆ ಇವರಿಗೆ ಹಳೇ ಪೇಟೆಯ ಹುಚ್ಚು. ಹೊಸದಾಗಿ ಬಂದಿದ್ದ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಬಸ್ಸಿಳಿದು ಮೊದಲು ಊರಬಾಗಿಲಿನ ಎದುರು ನಿಲ್ಲಬೇಕು. ಮಣ್ಣಿನ ಕೋಟೆಗೋಡೆಯನ್ನು ಎಂದೋ ಕೆಡವಿದ್ದಾರೆ, ಬಾಗಿಲು ಮಾತ್ರ ಉಳಿದಿದೆ. ಎಲ್ಲಿಂದ ಬೇಕಾದರೂ ಒಳಗೆ ಹೋಗಬಹುದು, ಆದರೂ ಪೊರ್ಬುಗಳು ಅದಕ್ಕೆ ಮುಖ ತೋರಿಸದೆ ಮುಂದೆ ಹೋಗುತ್ತಿರಲಿಲ್ಲ. ಆಮೇಲೆ, ಹಿಂದಿನ ಕಾಲದಲ್ಲಿ ಒಂಟೆಗಳ ಸಾಲು ಬಂದು ನಿಲ್ಲುತ್ತಿದ್ದ ಸಫಾತ್ ಚೌಕ, ಆಮೇಲೆ ಮುಬಾರಕಿಯಾ ಮಾರುಕಟ್ಟೆ. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಆದರೂ ಹೋಗುತ್ತಿದ್ದೆ, ಈ ಊರಲ್ಲಿ ನನ್ನನ್ನು ಕರೆದು ಮಾತಾಡಿಸುತ್ತಿದ್ದವರು ಅವರೊಬ್ಬರೇ.

ಆ ಶುಕ್ರವಾರ ನನ್ನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿದು ಹನ್ನೊಂದು ದಿನವಾಗಿತ್ತು. ಕಂಪೆನಿಯವರು ನಾಳೆ ನಾಳೆ ಎನ್ನುತ್ತಿದ್ದರು. ಸಿಕ್ಕಿಬಿದ್ದರೆ ನೇರ ವಿಮಾನ ಹತ್ತಿಸುತ್ತಾರೆ, ಮತ್ತೆ ಕಾಲಿಡುವ ಮಾತಿಲ್ಲ ಎಂದು ರೂಮಿನವರು ಹೆದರಿಸಿದ್ದರು. ಪೊರ್ಬುಗಳಿಗೆ ಹೇಳಿದ್ದರೆ ಮನೆಯಲ್ಲೇ ಕೂರಿಸುತ್ತಿದ್ದರು. ನಾಚಿಕೆಯಿಂದ ಬಾಯಿ ಬಿಡಲಿಲ್ಲ. ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲೂ ಪೊಲೀಸರನ್ನೇ ಹುಡುಕುತ್ತಿದ್ದೆ.

ಮಸಾಲೆ ಅಂಗಡಿಗಳ ಓಣಿಯಲ್ಲಿ ಅವರು ತಲೆಯೆತ್ತಿ ಹಳೆಯ ಮರದ ತೊಲೆಯೊಂದನ್ನು ತೋರಿಸಿದರು. "ನೋಡಿ ಮಾರಾಯ್ರೆ, ಇದು ನಮ್ಮ ಕರಾವಳಿಯಿಂದ ಹಾಯಿಹಡಗಲ್ಲಿ ಬಂದ ಮರ. ನಮಗಿಂತ ಮುಂಚೆ ಇದಕ್ಕೆ ಇಕಾಮಾ ಸಿಕ್ಕಿದೆ!"

ಅವರು ನಕ್ಕರು. ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ಇಬ್ಬರು ಪೊಲೀಸರು ಒಬ್ಬೊಬ್ಬರ ಇಕಾಮಾ ಕಾರ್ಡು ನೋಡುತ್ತಾ ನಮ್ಮತ್ತಲೇ ಬರುತ್ತಿದ್ದರು. ಪೊರ್ಬುಗಳು ಇನ್ನೂ ಮೇಲೆ ನೋಡುತ್ತಲೇ ಇದ್ದರು. ನಾನು ಹಿಂದಕ್ಕೆ ಸರಿದು ಒಣನಿಂಬೆಯ ಚೀಲಗಳ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಪೊರ್ಬುಗಳ ಮಾತು ಕೇಳುತ್ತಲೇ ಇತ್ತು, ಪಕ್ಕದಲ್ಲಿ ನಾನಿದ್ದೇನೆಂದು ನಂಬಿ ಆಡುತ್ತಿದ್ದ ಮಾತು... ಪೊಲೀಸರು ಅವರ ಕಾರ್ಡು ಕೇಳಿದಾಗ ಅಂಗಡಿಯ ಹಿಂಬಾಗಿಲಿನಿಂದ ನುಸುಳಿ ಸಿಕ್ಕಿದ ಬಸ್ಸು ಹತ್ತಿದೆ. ಫೋನ್ ಆಫ್ ಮಾಡಿದೆ.

ಸಂಜೆ ಅವರ ಹೆಂಡತಿ ನನ್ನ ರೂಮಿನವರಿಗೆ ತಿಳಿಸಲೆಂದು ಬಾಗಿಲು ಬಡಿದರು. ತೆರೆದವನು ನಾನೇ.

"ನೀವು ಇಲ್ಲಿದ್ದೀರಾ? ತಿರುಗಿ ನೋಡಿದ್ರೆ ನೀವಿಲ್ಲ, ಫೋನೂ ಹೋಗುದಿಲ್ಲ, ನಿಮ್ಮನ್ನು ಪೊಲೀಸ್ ಹಿಡ್ಕೊಂಡು ಹೋಗಿದ್ದಾರೆ ಅಂತ ಅವರು ಆಗಿನಿಂದ ಸ್ಟೇಷನ್ ಎದುರು ಕೂತಿದ್ದಾರಲ್ಲ! ಊಟ ಇಲ್ಲ, ಎಂತ ಇಲ್ಲ. ನಿಮ್ಮನ್ನು ಬಿಡಿಸದೆ ಬರುದಿಲ್ಲ ಅಂತಾರೆ!"

ಅವರೇ ಗಂಡನಿಗೆ ಫೋನ್ ಮಾಡಿ ಕರೆಸಿದರು. ಮೆಟ್ಟಿಲು ಹತ್ತಿ ಬಂದ ಪೊರ್ಬುಗಳು ಬೆವರಿ ಒದ್ದೆಯಾಗಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದ್ದೀರಲ್ಲ, ಅಷ್ಟು ಸಾಕು" ಎಂದು ಒಳಗೆ ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮುಂದಿನ ವಾರ ಇಕಾಮಾ ಕೈಗೆ ಬಂತು. ಶುಕ್ರವಾರ ಬಟ್ಟೆ ಹಾಕಿಕೊಂಡು ಕಾದೆ. ಅವರು ಕರೆಯಲಿಲ್ಲ. ಮುಂದೆಯೂ ಕರೆಯಲಿಲ್ಲ. ಎದುರಾದರೆ "ಊಟ ಆಯ್ತಾ?" ಎಂದು ಕೇಳುತ್ತಿದ್ದರು, ಅಷ್ಟೆ. ನಡೆದದ್ದನ್ನು ಯಾರಿಗೂ ಹೇಳಲಿಲ್ಲ ಎಂಬುದೂ ನನಗೆ ಗೊತ್ತು, ಹೇಳಿದ್ದರೆ ಈ ಕಟ್ಟಡದಲ್ಲಿ ನಾನು ತಲೆಯೆತ್ತಿ ಓಡಾಡುವಂತಿರಲಿಲ್ಲ.

ಆಮೇಲೆ ನಾಲ್ಕು ವರ್ಷ ನಾವು ಎದುರುಬದುರಿಗೇ ಇದ್ದೆವು. ಕೆಲಸ ಮುಗಿಸಿ ಅವರು ಊರಿಗೆ ಹೋದರು. ಹೋದ ತಿಂಗಳು ತೀರಿಕೊಂಡರೆಂದು ಸುದ್ದಿ ಬಂತು. ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಅಂಗಡಿಯಿಂದ ಬಂದು ಬೀಗ ತೆಗೆಯುವಾಗ ನಿನ್ನೆ ಲೆಕ್ಕ ಹಾಕಿದೆ, ನನ್ನ ಹೊಸ್ತಿಲಿನಿಂದ ಅವರ ಹೊಸ್ತಿಲಿಗೆ ಐದೇ ಹೆಜ್ಜೆ. ತಪ್ಪಾಯ್ತು ಎನ್ನಲು ಆ ಐದು ಹೆಜ್ಜೆ ನಾನು ಇಡಲೇ ಇಲ್ಲ.